24 ತಕರಾರು ತೆಗೆಯುವ ಗೆಳೆಯ

‘ಕೈ ಕಟ್ಟು, ಬಾಯಿ ಮುಚ್ಚು’ ಅಂತ ಕೇಳಿಕೊಂಡೇ ಶಾಲೆ ಮುಗಿಸಿದವನು ನಾನು. ಅದಕ್ಕೇ ಇರಬೇಕು, ಯಹೂದಿಗಳ ಯೆಶಿವಾ ಬಗ್ಗೆ ಓದುವಾಗ ಮೊದಲು ಹಿಡಿಸಿದ್ದು ಅಲ್ಲಿನ ಗಲಾಟೆ. ಯೆಶಿವಾ ಅಂದರೆ ತಾಲ್ಮುದ್ ಕಲಿಯುವ ಶಾಲೆ. ತಾಲ್ಮುದ್ ಅಂದರೆ ಯಹೂದಿ ಧರ್ಮದ ಕಟ್ಟಳೆಗಳನ್ನು ಚರ್ಚಿಸುವ ದೊಡ್ಡ ಗ್ರಂಥ. ಇಬ್ಬಿಬ್ಬರಾಗಿ ಕೂರುತ್ತಾರೆ. ಒಬ್ಬ ಜೋರಾಗಿ ಓದಿ ಅರ್ಥ ಹೇಳುತ್ತಾನೆ. ಎದುರಿಗಿರುವವನು ‘ಅದು ಹೇಗಾಗುತ್ತೆ?’ ಅಂತ ಅಡ್ಡ ಹಾಕುತ್ತಾನೆ. ಈ ಜೋಡಿಗೆ ಹವ್ರುತಾ ಅಂತ ಹೆಸರು. ಮೇಷ್ಟ್ರ ಪಾಠವೂ ಇರುತ್ತದೆ. ಆದರೆ ಜಾಸ್ತಿ ಹೊತ್ತು ಹೋಗುವುದು ಈ ವಾದದಲ್ಲೇ.

ಅವರ ಪುಸ್ತಕದ ಪುಟವೂ ಹಾಗೇ ಇದೆ. ನಡುವೆ ಮೂಲ. ಒಂದು ಪಕ್ಕ 11ನೇ ಶತಮಾನದ ರಾಶಿ ಅನ್ನುವ ಪಂಡಿತ ಬರೆದ ವಿವರಣೆ. ಇನ್ನೊಂದು ಪಕ್ಕ ತೋಸಾಫೋತ್ ಅನ್ನುವ ನಂತರದವರ ಟಿಪ್ಪಣಿಗಳು. ಅವುಗಳಲ್ಲಿ ರಾಶಿಯ ಸ್ವಂತ ಮೊಮ್ಮಕ್ಕಳೇ ಅಜ್ಜನ ಮಾತಿಗೆ ತಕರಾರು ತೆಗೆಯುತ್ತಾರೆ. ವೆನಿಸ್‌ನಲ್ಲಿ 1520ರ ಸುಮಾರಿಗೆ ಹೀಗೆ ಅಚ್ಚಾಯಿತು. ಇವತ್ತಿಗೂ ಅಜ್ಜ, ಮೊಮ್ಮಕ್ಕಳು ಒಂದೇ ಪುಟದಲ್ಲಿ ಎದುರುಬದುರು.

ಎಲ್ಲ ಚೆಂದ ಅಂತೇನೂ ಅಲ್ಲ. ಶತಮಾನಗಟ್ಟಲೆ ಅಲ್ಲಿ ಕೂತವರು ಗಂಡುಮಕ್ಕಳೇ. ಬಟ್ಟೆ ಹೊಲಿಯುತ್ತಿದ್ದ ಸಾರಾ ಶೆನಿರೆರ್ 1917ರಲ್ಲಿ ಈಗಿನ ಪೋಲೆಂಡಿನ ಕ್ರಾಕೋವ್‌ನಲ್ಲಿ ಹುಡುಗಿಯರಿಗೆ ಶಾಲೆ ತೆರೆದರು. ಅಲ್ಲೂ ತಾಲ್ಮುದ್ ಕಲಿಸಲಿಲ್ಲ.

ವಾದ ಹದ ತಪ್ಪಿದರೆ ಏನಾಗುತ್ತದೆ ಅಂತಲೂ ತಾಲ್ಮುದ್‌ನಲ್ಲೇ ಬರೆದಿಟ್ಟಿದ್ದಾರೆ. ರಬ್ಬಿ, ಅಂದರೆ ಧರ್ಮಗುರು, ಯೋಹಾನಾನ್‌ಗೆ ರೇಶ್ ಲಾಕಿಶ್ ಓದಿನ ಜೊತೆಗಾರ. ಮೊದಲು ದರೋಡೆ ಮಾಡಿಕೊಂಡಿದ್ದವನು. ಅವನನ್ನು ಓದಿಗೆ ಹಚ್ಚಿ, ತಂಗಿಯನ್ನೂ ಕೊಟ್ಟಿದ್ದರು ಯೋಹಾನಾನ್. ಒಂದು ದಿನ ಚರ್ಚೆ ಬಂತು: ಹೊಸ ಕತ್ತಿಗೆ, ಚಾಕುವಿಗೆ ಮೈಲಿಗೆ ತಗಲುವುದು ಯಾವಾಗಿನಿಂದ? ಕುಲುಮೆಯಲ್ಲಿ ಕಾಸಿದಾಗಿನಿಂದ ಅಂದರು ಯೋಹಾನಾನ್. ನೀರಲ್ಲಿ ಅದ್ದಿ ಹೊಳಪು ಬಂದಾಗಿನಿಂದ ಅಂದ ಇವನು. ‘ಕಳ್ಳನಿಗೆ ಕಳ್ಳತನದ ಸಾಮಾನು ಗೊತ್ತಿರುತ್ತೆ ಬಿಡು’ ಅಂದುಬಿಟ್ಟರು ಯೋಹಾನಾನ್. ಮನಸ್ಸು ಮುರಿಯಿತು. ರೇಶ್ ಲಾಕಿಶ್ ಕಾಯಿಲೆ ಬಿದ್ದು ತೀರಿಕೊಂಡ.

ಗುರುವಿನ ಸಂಕಟ ನೋಡಲಾಗದೆ ಉಳಿದವರು ಇನ್ನೊಬ್ಬ ಜಾಣನನ್ನು ಜೊತೆಗೆ ಕೂರಿಸಿದರು. ಇವರು ಏನು ಹೇಳಿದರೂ ಅವನು ‘ನಿಮ್ಮ ಮಾತಿಗೆ ಇಲ್ಲೊಂದು ಆಧಾರ ಇದೆ’ ಅನ್ನುತ್ತಿದ್ದ. ಯೋಹಾನಾನ್‌ಗೆ ರೇಗಿತು. ‘ನಾನು ಒಂದು ಹೇಳಿದರೆ ರೇಶ್ ಲಾಕಿಶ್ 24 ತಕರಾರು ತೆಗೆಯುತ್ತಿದ್ದ, ನಾನು 24 ಉತ್ತರ ಹುಡುಕುತ್ತಿದ್ದೆ, ವಿಷಯ ತಾನಾಗಿ ತಿಳಿಯಾಗುತ್ತಿತ್ತು. ನಾನು ಹೇಳಿದ್ದು ಸರಿ ಅಂತ ನನಗೆ ಗೊತ್ತಿಲ್ವಾ?’ ಅಂದರು.

ಆಮೇಲೆ ಬಟ್ಟೆ ಹರಿದುಕೊಂಡು, ರೇಶ್ ಲಾಕಿಶ್‌ನನ್ನು ನೆನೆದು ‘ಲಾಕಿಶನ ಮಗನೇ, ಎಲ್ಲಿದ್ದೀಯೋ’ ಅಂತ ಅಳುತ್ತಾ ಅಲೆದರಂತೆ, ಬುದ್ಧಿ ಕೈಬಿಡುವವರೆಗೆ.