ಅಮ್ಮನ ಟಿವಿ ಅಮ್ಮನ ಕೈಯಲ್ಲೇ ಇರ್ಲಿ

ನಮ್ಮನೇಲಿ 2024ರ ಮೇ ತಿಂಗಳಲ್ಲಿ ಕೇಬಲ್ ತೆಗೆಸಿದ್ವಿ, 2025ರ ದೀಪಾವಳಿಗೆ ಮತ್ತೆ ಹಾಕಿಸ್ದೆ. ಆಫೀಸಲ್ಲಿ ಹೇಳಿದಾಗ ಎಲ್ಲರೂ ಕೇಳಿದ್ದು ಒಂದೇ ಮಾತು, ಈ ಕಾಲದಲ್ಲಿ ಯಾರಾದ್ರೂ ವಾಪಸ್ ಕೇಬಲ್ ಹಾಕಿಸ್ತಾರಾ ಅಂತ. ನಾನು ಹಾಕಿಸಿದೀನಿ, ಯಾಕೆ ಅಂತ ಇಲ್ಲಿ ಪೂರ್ತಿ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಮನೇಲಿ ವಯಸ್ಸಾದೋರು ಇದ್ದು ಕೇಬಲ್ ತೆಗೆಸೋ ಯೋಚನೇಲಿ ಇರೋರು ದಯವಿಟ್ಟು ಓದಿ.

ಮೊದಲು ದುಡ್ಡಿನ ಮಾತು ಮುಗಿಸಿಬಿಡ್ತೀನಿ, ಯಾಕಂದ್ರೆ ನಾವು ತೆಗೆಸಿದ್ದೇ ಅದಕ್ಕೆ. 2019ರ ಫೆಬ್ರವರಿಯಲ್ಲಿ ಟ್ರಾಯ್, ಅಂದ್ರೆ ಫೋನ್, ಕೇಬಲ್‌ಗೆಲ್ಲ ನಿಯಮ ಮಾಡೋ ಸರ್ಕಾರಿ ಸಂಸ್ಥೆ, ಅದರ ಹೊಸ ನಿಯಮ ಬಂತಲ್ಲ, ಬೇಕಾದ ಚಾನೆಲ್‌ಗೆ ಮಾತ್ರ ದುಡ್ಡು ಕೊಡಿ ಅಂತ, ಆಗ ಬರೀ ಕನೆಕ್ಷನ್ನಿಗೆ 130 ರೂಪಾಯಿ, ಜಿಎಸ್‌ಟಿ ಸೇರಿ 153, ಅದರ ಮೇಲೆ ದುಡ್ಡು ಕೊಟ್ಟು ನೋಡೋ ಚಾನೆಲ್‌ಗಳದ್ದು ಬೇರೆ. ನಮಗೆ ಬರ್ತಾ ಬರ್ತಾ ಎಲ್ಲ ಸೇರಿ ತಿಂಗಳಿಗೆ 350ರ ಹತ್ತಿರ ಆಗಿತ್ತು. ನಾನು ಚಾನೆಲ್ ಹಾಕ್ಕೊಂಡು ಕೂತು ಎಷ್ಟೋ ವರ್ಷ ಆಗಿತ್ತು, ನನ್ನ ಹೆಂಡ್ತಿ ಏನಿದ್ರೂ ಫೋನಲ್ಲೇ ನೋಡೋದು, ಮಗಳಿಗೆ ಯೂಟ್ಯೂಬ್ ಸಾಕು. ಫೈಬರ್ ಇಂಟರ್‌ನೆಟ್ ಹೇಗಿದ್ರೂ ಇತ್ತು. ಇಂಟರ್‌ನೆಟ್ ಆ್ಯಪ್‌ಗಳನ್ನ ಟಿವಿಯಲ್ಲಿ ತೋರಿಸೋ ಒಂದು ಸ್ಟಿಕ್ ತಂದು ಟಿವಿ ಹಿಂದೆ ಸಿಕ್ಕಿಸಿದೆ, ಕೇಬಲ್ ಅಣ್ಣನಿಗೆ ಫೋನ್ ಮಾಡಿ ಮುಂದಿನ ತಿಂಗಳಿಂದ ಬೇಡ ಅಂದೆ. ಅಷ್ಟೇ, ಹತ್ತು ನಿಮಿಷದ ಕೆಲಸ. ದುಡ್ಡು ಉಳೀತಾ ಅಂದ್ರೆ ಉಳೀಲಿಲ್ಲ. ಜೀ ಕನ್ನಡ ಬೇಕಂದ್ರೆ ಜೀ5, ಕಲರ್ಸ್ ಕನ್ನಡ ಮತ್ತೆ ಸ್ಟಾರ್ ಸುವರ್ಣ ಬೇಕಂದ್ರೆ ಜಿಯೋಹಾಟ್‌ಸ್ಟಾರ್, ಉದಯ ಬೇಕಂದ್ರೆ ಸನ್ ನೆಕ್ಸ್ಟ್. ನಾಲ್ಕು ಕನ್ನಡ ಚಾನೆಲ್‌ಗೆ ಮೂರು ಆ್ಯಪು, ಅದರ ಮೇಲೆ ನಮಗೆ ಅಂತ ನೆಟ್‌ಫ್ಲಿಕ್ಸು ಪ್ರೈಮು. ಪ್ರೈಮಲ್ಲಿ 2025ರ ಜೂನ್‌ನಿಂದ ಮಧ್ಯೆ ಮಧ್ಯೆ ಜಾಹೀರಾತೂ ಶುರುವಾಯ್ತು, ಬೇಡ ಅಂದ್ರೆ ಆಗ ವರ್ಷಕ್ಕೆ 699 ಬೇರೆ ಕಟ್ಟಬೇಕಿತ್ತು. ಇರ್ಲಿ, ದುಡ್ಡು ಹೋದ್ರೆ ಹೋಗ್ಲಿ, ಇಷ್ಟೇ ಆಗಿದ್ರೆ ನಾನು ಇದನ್ನ ಬರೀತಾನೇ ಇರ್ಲಿಲ್ಲ.

ಮನೇಲಿ ನಿಜವಾಗಿ ಟಿವಿ ನೋಡ್ತಿದ್ದದ್ದು ಅಮ್ಮ ಒಬ್ಬರೇ. ಅವರಿಗೆ ಈಗ 71. ಓದಿದ್ದು ನಾಲ್ಕನೇ ಕ್ಲಾಸು, ಕನ್ನಡ ಪೇಪರನ್ನ ಮೊದಲನೇ ಪುಟದಿಂದ ಕೊನೇ ಪುಟದವರೆಗೂ ಒಂದು ಅಕ್ಷರ ಬಿಡದೆ ಓದ್ತಾರೆ, ಇಂಗ್ಲಿಷ್ ಅಕ್ಷರ ಬರಲ್ಲ, ಅಂಕಿ ಬರುತ್ತೆ. ಉದಯ ಟಿವಿ ಶುರುವಾಗಿದ್ದು 1994ರಲ್ಲಿ, ಅದಾದ ಮೇಲೆ ನಮ್ಮ ಬೀದಿಗೆ ಕೇಬಲ್ ಎಳೆದಾಗ ಅಪ್ಪ ಹಾಕಿಸಿದ್ದು, ಅಲ್ಲಿಂದ ಸಂಜೆ ದೇವರ ಮುಂದೆ ದೀಪ ಹಚ್ಚಿ ಬಂದು ಕೂತ್ರೆ ಊಟದವರೆಗೆ ಅದು ಅಮ್ಮನ ಹೊತ್ತು. 2013ರಲ್ಲಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯ ಆಯ್ತು, ಬೆಂಗಳೂರು ಮೈಸೂರು ಎರಡಕ್ಕೂ ಮಾರ್ಚ್ 31 ಕೊನೇ ದಿನ ಅಂತ ಹೇಳಿದ್ರು, ನೆನಪಿರಬಹುದು. ಆಗ ಅಪ್ಪ ಒಂದು ರಟ್ಟಿನ ಚೂರಲ್ಲಿ ಚಾನೆಲ್ ಹೆಸರು, ಅದರ ಮುಂದೆ ನಂಬರ್ ಬರೆದು ಟಿವಿ ಪಕ್ಕದ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ರು. ಒಂದು ವಾರ ಅಮ್ಮ ಅದನ್ನ ನೋಡ್ಕೊಂಡು ಒತ್ತಿದ್ರು, ಎಂಟನೇ ದಿನಕ್ಕೆ ಬಾಯಿಪಾಠ. ರಿಮೋಟ್ ನೋಡದೆ ಹೆಬ್ಬೆರಳಲ್ಲೇ ಒತ್ತೋರು. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಯ್ತು, ಅಮ್ಮನಿಗೆ ಅದು ಇವತ್ತಿಗೂ ಈಟಿವಿನೇ, ಹೆಸರು ಏನಾದ್ರೇನು ನಂಬರ್ ಒತ್ತಿದ್ರೆ ಬರ್ತಿತ್ತಲ್ಲ.

ಇದನ್ನ ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ, "ವಯಸ್ಸಾದೋರು ಹೊಸದು ಕಲಿಯಲ್ಲ" ಅಂತ ತುಂಬ ಜನ ಸಲೀಸಾಗಿ ಹೇಳಿಬಿಡ್ತಾರೆ. ನಮ್ಮಮ್ಮ ಕಲಿತಿದ್ರು. ಅರವತ್ತರ ಹತ್ತಿರ ಬಂದಾಗ ಕಲಿತಿದ್ರು. ಸ್ಟಿಕ್ ಬಂದಾಗ್ಲೂ ಕಲಿತ್ರು, ನಾನೇ ಕೂರಿಸಿಕೊಂಡು ಹೇಳಿಕೊಟ್ಟೆ. ಮೊದಲು ಟಿವಿ ರಿಮೋಟಲ್ಲಿ ಆನ್ ಮಾಡು, ಎಚ್‌ಡಿಎಂಐ 2 ಬರೋವರೆಗೂ ಸೋರ್ಸ್ ಒತ್ತು, ಆಮೇಲೆ ಈ ಚಿಕ್ಕ ರಿಮೋಟು, ಬಲಕ್ಕೆ ಮೂರು ಸಲ, ಓಕೆ, ಆಮೇಲೆ ಯಾರು ನೋಡ್ತಿರೋದು ಅಂತ ಮುಖಗಳು ಬರುತ್ತೆ ಅದರಲ್ಲಿ ಎರಡನೇದು, ಆಮೇಲೆ ಕೆಳಗೆ ಕೆಳಗೆ ಕೆಳಗೆ. ಆ ಚಿಕ್ಕ ರಿಮೋಟಲ್ಲಿ ನಂಬರೇ ಇಲ್ಲ. ಅಮ್ಮ ತಮ್ಮ ಹಣೆಬೊಟ್ಟಿನ ಪಾಕೆಟ್‌ನಿಂದ ಒಂದು ಕೆಂಪು ಸ್ಟಿಕ್ಕರ್ ತೆಗೆದು ಓಕೆ ಬಟನ್ ಮೇಲೆ ಅಂಟಿಸಿಕೊಂಡ್ರು, ಕತ್ತಲಲ್ಲಿ ಬೆರಳಿಗೆ ಗೊತ್ತಾಗಲಿ ಅಂತ. ಎರಡು ವಾರ ಚೆನ್ನಾಗಿ ಹಾಕ್ಕೊಂಡ್ರು. ಆಮೇಲೆ ಒಂದು ಅಪ್‌ಡೇಟ್ ಬಂತು, ಮೂರನೇ ಜಾಗದಲ್ಲಿದ್ದ ಆ್ಯಪ್ ಐದನೇ ಜಾಗಕ್ಕೆ ಹೋಯ್ತು. ಮತ್ತೆ ಹೇಳಿಕೊಟ್ಟೆ. ಮತ್ತೆ ಬದಲಾಯ್ತು. ಒಂದಿನ ಮಗಳ ಪ್ರೊಫೈಲ್‌ಗೆ ಹೋಗಿ ಸಿಕ್ಕಿಹಾಕ್ಕೊಂಡ್ರು, ಬರೀ ಕಾರ್ಟೂನು. ಇನ್ನೊಂದಿನ ಲಾಗಿನ್ ಹೋಗಿತ್ತು, ಫೋನಿಗೆ ಬಂದ ನಂಬರ್ ಹಾಕಿ ಅಂತ ಕೇಳ್ತಿದೆ, ಆ ಫೋನ್ ನನ್ನ ಜೊತೆ ಆಫೀಸಲ್ಲಿ. ಇದರ ಮಧ್ಯೆ ಆ್ಯಪ್‌ಗಳ ಹೆಸರೂ ಬದಲಾಗ್ತಾನೇ ಇತ್ತು, ನಾವು ಕೇಬಲ್ ತೆಗೆಸೋ ಮೊದಲೇ ವೂಟ್ ಹೋಗಿ ಜಿಯೋ ಸಿನಿಮಾ ಆಗಿತ್ತು, 2025ರ ಫೆಬ್ರವರಿಯಲ್ಲಿ ಅದೂ ಹಾಟ್‌ಸ್ಟಾರೂ ಸೇರಿ ಜಿಯೋಹಾಟ್‌ಸ್ಟಾರ್. ಕಂಪನಿಗಳು ಒಂದಕ್ಕೊಂದು ಸೇರೋದು ಅವರ ವ್ಯಾಪಾರ, ನಾನು ತಪ್ಪು ಅನ್ನಲ್ಲ. ಆದ್ರೆ ಕಲಿತದ್ದು ಕಲಿತಂಗೆ ನಿಲ್ಲೋಕೆ ಬಿಡದಿದ್ರೆ ಎಪ್ಪತ್ತು ದಾಟಿದೋರು ಎಷ್ಟು ಸಲ ಅಂತ ಕಲೀತಾರೆ?

ಒಂದು ಸಂಜೆ ನಾನು ಏಳೂವರೆಗೆ ಮನೆಗೆ ಬಂದೆ. ಹೆಂಡ್ತಿ ಮಗಳು ಇಬ್ಬರೂ ಸಂಗೀತದ ಕ್ಲಾಸಿಗೆ ಹೋಗಿದ್ರು. ಹಾಲಲ್ಲಿ ಲೈಟ್ ಹಾಕಿರ್ಲಿಲ್ಲ, ಟಿವಿಯಲ್ಲಿ ನೀಲಿ ಬಣ್ಣ, ಮಧ್ಯದಲ್ಲಿ ನೋ ಸಿಗ್ನಲ್ ಅಂತ ಒಂದು ಡಬ್ಬಿ ಅತ್ತಿತ್ತ ತೇಲ್ತಾ ಇದೆ, ಅದರ ಮುಂದೆ ಅಮ್ಮ ಹೂವು ಕಟ್ತಾ ಕೂತಿದ್ರು. ಎರಡೂ ರಿಮೋಟು ಪಕ್ಕದಲ್ಲಿ ಒಂದರ ಪಕ್ಕ ಒಂದು ನೀಟಾಗಿ ಇಟ್ಟಿದ್ರು. "ಯಾಕಮ್ಮ, ಹಾಕ್ಕೊಳ್ಳಲಿಲ್ವಾ?" ಅಂದೆ. "ಇವತ್ತು ನೋಡಬೇಕು ಅನಿಸ್ಲಿಲ್ಲ ಕಣೋ" ಅಂದ್ರು. ಅಮ್ಮನಿಗೆ ಸೀರಿಯಲ್ ನೋಡಬೇಕು ಅನಿಸದೇ ಇರೋ ದಿನ ನಾನಂತೂ ಕಂಡಿಲ್ಲ. ಆವಾಗ ನನಗೆ ಹೊಳೀತು, ಎಷ್ಟೋ ತಿಂಗಳಿಂದ ನಾವು ಇರೋವಾಗ ಮಾತ್ರ ಮನೇಲಿ ಟಿವಿ ಓಡ್ತಿತ್ತು. "ಸ್ವಲ್ಪ ಹಾಕಿಕೊಡೋ" ಅಂತ ಮೊದಮೊದಲು ಕೇಳ್ತಿದ್ರು, ನಾನು ಲ್ಯಾಪ್‌ಟಾಪ್ ಮುಂದೆ ಕೂತು "ಒಂದು ನಿಮಿಷ ಇರಮ್ಮ" ಅಂತಿದ್ದೆ. ಆಮೇಲೆ ಅವರು ಕೇಳೋದನ್ನೇ ಬಿಟ್ಟಿದ್ರು. ತಮ್ಮ ಮನೇಲಿ, ತಮ್ಮ ಗಂಡ ತಂದಿಟ್ಟ ಟಿವಿ, ಅದನ್ನ ಹಾಕಿಸಿಕೊಳ್ಳೋಕೆ ಮಗನ ಹತ್ರ ಕೇಳಬೇಕು. ಹೇಳೋಕೆ ಚಿಕ್ಕ ವಿಷಯ, ಆವತ್ತು ರಾತ್ರಿ ನನಗೆ ಊಟ ಸೇರ್ಲಿಲ್ಲ.

ಆಮೇಲೆ ದಸರಾ. ನಾವಿರೋದು ಸರಸ್ವತಿಪುರಂ, ಅರಮನೆಗೆ ಏನೂ ದೂರ ಅಲ್ಲ, ಆದ್ರೂ ಆ ಜನದಲ್ಲಿ ಅಮ್ಮನಿಗೆ ಹೋಗೋಕಾಗಲ್ಲ, ಹಾಗಾಗಿ ಪ್ರತಿ ವರ್ಷ ಜಂಬೂಸವಾರಿ ಚಂದನದಲ್ಲೇ ನೋಡೋದು. 2025ರಲ್ಲಿ ಅಕ್ಟೋಬರ್ 2ರಂದು ಯೂಟ್ಯೂಬಲ್ಲಿ ಚಂದನ ಲೈವ್ ಹಾಕಿಕೊಟ್ಟೆ. ಚಿತ್ರ ತುಂಬ ಚೆನ್ನಾಗಿ ಬರ್ತಿತ್ತು, ಅದನ್ನ ಒಪ್ಪಲೇಬೇಕು. ಟಿವಿಯಲ್ಲಿ ಇನ್ನೂ ಪುಷ್ಪಾರ್ಚನೆ ಆಗಿಲ್ಲ, ಅಂಬಾರಿ ಹೊತ್ತ ಆನೆ ನಿಂತಿದೆ ಅಷ್ಟೇ, ಅಷ್ಟರಲ್ಲಿ ಕಿಟಕಿ ಕಡೆಯಿಂದ ಢಂ ಅಂತ ಕುಶಾಲತೋಪು ಕೇಳಿಸ್ತು. ಅಮ್ಮ ಕೈ ಮುಗಿಯೋಕೆ ಅಂತ ಎದ್ದವರು ಟಿವಿ ನೋಡ್ತಾರೆ, ಅಲ್ಲಿ ಇನ್ನೂ ಏನೂ ಆಗಿಲ್ಲ. ಕಿಟಕಿ ಕಡೆ ನೋಡಿದ್ರು, ಟಿವಿ ಕಡೆ ನೋಡಿದ್ರು, ಯಾವ ಕಡೆ ಕೈ ಮುಗೀಬೇಕು ಅಂತ ಗೊತ್ತಾಗದೆ ಹಾಗೇ ನಿಂತ್ರು. ಇಂಟರ್‌ನೆಟ್ಟಲ್ಲಿ ಲೈವ್ ಅಂದ್ರೆ ಚಿತ್ರವನ್ನ ಚೂರು ಚೂರು ಮಾಡಿ ಕಳಿಸಿ, ನಮ್ಮ ಕಡೆ ಒಂದಷ್ಟು ಕೂಡಿಟ್ಟುಕೊಂಡು ಆಮೇಲೆ ತೋರಿಸೋದು, ಹಾಗಾಗಿ ತಡ ಆಗೇ ಆಗುತ್ತೆ. ಕ್ರಿಕೆಟ್ ನೋಡೋರಿಗೆ ಇದು ಚೆನ್ನಾಗಿ ಗೊತ್ತು, ಪಕ್ಕದ ಮನೇಲಿ ಕೇಬಲ್ ಇದ್ರೆ ವಿಕೆಟ್ ಬಿದ್ದಿದ್ದು ಅವರ ಕೂಗಿಂದ ಮೊದಲೇ ಗೊತ್ತಾಗಿಬಿಡುತ್ತೆ.

ಕೇಬಲ್ ಅಣ್ಣನ ಬಗ್ಗೆ ಹೇಳಲೇಬೇಕು. ಪ್ರತಿ ತಿಂಗಳು ಐದನೇ ತಾರೀಖು ಆಚೆ ಈಚೆ ಬೈಕಲ್ಲಿ ಬರೋರು, ಅಮ್ಮ ದುಡ್ಡು ಕೊಟ್ಟು ಕಾಫಿ ಕೊಡೋರು, ಅವರ ಮಗಳ ಓದು, ಅವರ ಹೆಂಡ್ತಿ ಮಂಡಿನೋವು ಎಲ್ಲ ಅಮ್ಮನಿಗೆ ಗೊತ್ತು. ಮಳೆ ಗಾಳಿಗೆ ಚಾನೆಲ್ ಹೋದ್ರೆ ಅಮ್ಮ ನನಗೆ ಹೇಳ್ತಾನೂ ಇರ್ಲಿಲ್ಲ, ಲ್ಯಾಂಡ್‌ಲೈನ್ ಪಕ್ಕದ ಡೈರಿಯಲ್ಲಿ ಅವರ ನಂಬರ್ ಇತ್ತು, ತಾವೇ ಫೋನ್ ಮಾಡ್ತಿದ್ರು, ಅವರು ವೈರ್ ಸುರುಳಿ ಹೆಗಲಿಗೆ ಹಾಕ್ಕೊಂಡು ಬಂದು ಸರಿ ಮಾಡಿ ಹೋಗ್ತಿದ್ರು. ಸ್ಟಿಕ್ ಕೆಟ್ಟಾಗ ನಾನು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಅರ್ಧ ಗಂಟೆ ಒಂದು ಒತ್ತಿ ಎರಡು ಒತ್ತಿ ಅಂತ ಕೇಳಿದೆ, ಕನ್ನಡಕ್ಕೆ ಆಯ್ಕೆನೇ ಇರ್ಲಿಲ್ಲ. ಅಮ್ಮ ಮಾಡಿದ್ರೆ ಏನು ಮಾತಾಡ್ತಿದ್ರು? ಈಗ ನಮ್ಮ ಕಡೆ ಕೇಬಲ್‌ನೋರೇ ಫೈಬರ್ ಕೂಡ ಎಳೀತಿದಾರೆ, ಅದು ನನಗೆ ತುಂಬ ಸಮಾಧಾನದ ವಿಷಯ, ಬೀದಿಯ ಪರಿಚಯ ಇರೋ ಮನುಷ್ಯನ ಕೆಲಸ ಉಳಿದ್ರೆ ಅಮ್ಮನಂಥೋರಿಗೆ ಕರೆಯೋಕೆ ಒಬ್ಬರು ಉಳೀತಾರೆ.

ನಾನು ಸ್ಟ್ರೀಮಿಂಗ್ ಬೇಡ ಅಂತಿಲ್ಲ, ನಾನೇ ರಾತ್ರಿ ಅದರಲ್ಲೇ ನೋಡ್ತೀನಿ. ನಮ್ಮಕ್ಕ ಅಮೆರಿಕದಲ್ಲಿ ಕೂತು ಅದೇ ಕನ್ನಡ ಸೀರಿಯಲ್ ನೋಡಿ ಅಮ್ಮನ ಜೊತೆ ಫೋನಲ್ಲಿ ಕಥೆ ಮಾತಾಡ್ತಾಳೆ ಅಂದ್ರೆ ಅದು ಇದರಿಂದಾನೇ. ನಾನು ಕೇಳೋದು ಏನಂದ್ರೆ, ಕನ್ನಡ ಸೀರಿಯಲ್ ತೋರಿಸಿ ಕನ್ನಡದೋರ ಹತ್ರ ಚಂದಾ ತಗೊಳ್ಳೋರು, ಆ ಸೀರಿಯಲ್ ತನಕ ಹೋಗೋ ದಾರಿಯನ್ನೂ ಕನ್ನಡದಲ್ಲಿ ಕೊಡಬೇಕು. ಹೆಸರು ಕನ್ನಡ ಅಕ್ಷರದಲ್ಲಿ ಇರ್ಲಿ, "ಇನ್ನೂ ನೋಡ್ತಿದೀರಾ" ಅಂತ ಕೇಳೋದನ್ನ ಕನ್ನಡದಲ್ಲೇ ಕೇಳಲಿ, ಮೈಕ್ ಒತ್ತಿ ಅಮ್ಮ ಹೇಳೋ ಮೈಸೂರು ಕನ್ನಡ ಅದಕ್ಕೆ ಅರ್ಥ ಆಗ್ಲಿ. ನಮ್ಮನೆ ಸ್ಟಿಕ್‌ಗೆ ಅಮ್ಮ ನಾಲ್ಕು ಸಲ ಹೇಳಿದ್ರೂ ಅದು ಯಾವುದೋ ಹಿಂದಿ ಹಾಡು ತಂದು ಹಾಕ್ತು, ಅಲ್ಲಿಂದ ಅಮ್ಮ ಆ ಮೈಕ್ ಮುಟ್ಟಲೇ ಇಲ್ಲ. ಮತ್ತೆ ಅಂಕಿ ಇರೋ ರಿಮೋಟ್, ಒಂದು ಅಂಕಿ ಒತ್ತಿದ್ರೆ ಒಂದು ಚಾನೆಲ್, ಇದೇನು ಆಗದೇ ಇರೋ ಕೆಲಸನಾ?

ಅಲ್ಲಿವರೆಗೂ ಕೇಬಲ್ ತೆಗೆಸಬೇಕು ಅನ್ನೋರು ಒಂದು ಕೆಲಸ ಮಾಡಿ. ಹಳೇದು ಇರೋವಾಗ್ಲೇ ಹೊಸದನ್ನೂ ಹಾಕಿ, ಎರಡು ತಿಂಗಳು ಎರಡೂ ಇರ್ಲಿ. ಟಿವಿ ಸೆಟ್ಟಿಂಗಲ್ಲಿ ಎಚ್‌ಡಿಎಂಐ ಸಿಇಸಿ ಅಂತ ಇರುತ್ತೆ, ಅದನ್ನ ಆನ್ ಮಾಡಿದ್ರೆ ಎಷ್ಟೋ ಟಿವಿಗಳಲ್ಲಿ ಒಂದೇ ರಿಮೋಟ್ ಸಾಕಾಗುತ್ತೆ, ನನಗೆ ಇದು ತಡವಾಗಿ ಗೊತ್ತಾಯ್ತು. ಆಮೇಲೆ ಒಂದು ವಾರ ಏನೂ ಸಹಾಯ ಮಾಡದೆ ಸುಮ್ಮನೆ ನೋಡಿ, ನೀವಿಲ್ಲದಾಗ ಅವರೊಬ್ಬರೇ ಹಾಕ್ಕೊಳ್ತಾರಾ ಅಂತ. "ಹೂಂ ನೋಡಿದೆ" ಅಂದ್ರೆ ಏನು ನೋಡಿದ್ರಿ, ಕಥೆ ಏನಾಯ್ತು ಅಂತ ಕೇಳಿ. ನಮ್ಮಮ್ಮ ಎಷ್ಟೋ ದಿನ ನನಗೆ ಬೇಜಾರಾಗಬಾರದು ಅಂತ ಸುಳ್ಳು ಹೇಳಿದ್ರು.

ದೀಪಾವಳಿ ಹಿಂದಿನ ದಿನ ಕೇಬಲ್ ಅಣ್ಣ ಹೊಸ ಬಾಕ್ಸ್ ತಂದ್ರು. "ಏನಮ್ಮಾ, ನಮ್ಮನ್ನ ಮರೆತೇಬಿಟ್ರಿ" ಅಂತ ನಗ್ತಾನೇ ಬಂದ್ರು, ಅಮ್ಮ "ನಾನೆಲ್ಲಪ್ಪ ಮರೆತೆ" ಅಂತ ಒಳಗೆ ಹೋಗಿ ಕಾಫಿಗೆ ಇಟ್ರು. ಅರ್ಧದಷ್ಟು ನಂಬರ್ ಬದಲಾಗಿತ್ತು. ಅಪ್ಪ ಬರೆದ ರಟ್ಟಿನ ಚೂರು ಇನ್ನೂ ಕ್ಯಾಲೆಂಡರ್ ಹಿಂದೇನೇ ಇತ್ತು, ಅಪ್ಪ ಹೋಗಿ ಆರು ವರ್ಷ ಆಯ್ತು, ಅದನ್ನ ಯಾರೂ ತೆಗೆದಿರ್ಲಿಲ್ಲ. ಅದೇ ಚೂರಿನ ಹಿಂಬದಿಗೆ ಮಗಳು ಕೂತ್ಕೊಂಡು ಹೊಸ ನಂಬರ್ ಬರೆದುಕೊಟ್ಟಳು, ದೊಡ್ಡ ದೊಡ್ಡ ಅಂಕಿಯಲ್ಲಿ.

ಹೋದ ಬುಧವಾರ ಆಫೀಸಿಂದ ಬಂದು ಗೇಟ್ ತೆಗೆಯುವಾಗ್ಲೇ ಒಳಗಿಂದ ಸೀರಿಯಲ್ ಸದ್ದು ಬರ್ತಿತ್ತು. ಮನೇಲಿ ಅಮ್ಮ ಒಬ್ಬರೇ ಇದ್ರು.