ಹಿಡಿ ಜೋಳ ಮೊದಲು, ಪುಣೆಯ ದುಡ್ಡು ಆಮೇಲೆ

ಹೋದ ಸುಗ್ಗಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಊರು ಅಂದರೆ ಗದಗ ಸೀಮೆಯ ಒಂದು ಹಳ್ಳಿ. ಅದರ ಹೆಸರು ಇಲ್ಲಿ ಬೇಡ. ನಮ್ಮ ಕ್ರೈಸ್ತ ಸಭೆಗಳಲ್ಲಿ ಸುಗ್ಗಿ ಹಬ್ಬ ಅಂದರೆ ಬೆಳೆದವರು ಬೆಳೆದದ್ದರಲ್ಲಿ ಸ್ವಲ್ಪ ತಂದು ದೇವರ ಮುಂದೆ ಇಡುವ ದಿನ. ಜೋಳ, ಕಡಲೆ, ಕುಸುಬಿ, ಒಂದು ಕುಂಬಳಕಾಯಿ, ಕಾಲು ಕಟ್ಟಿದ ಜವಾರಿ ಕೋಳಿ. ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಲಿಲಾವು. ಕುಂಬಳಕಾಯಿ ಕೂಗಿ ತಗೊಂಡವನು ದುಡ್ಡು ಕೊಟ್ಟು ಕಾಯಿಯನ್ನು ಮತ್ತೆ ಸಭೆಗೇ ಬಿಡುತ್ತಾನೆ. ಒಂದೇ ಕಾಯಿ ಮೂರು ಸಲ ಮಾರಾಟ ಆಗುತ್ತದೆ. ನಾನು ಚಿಕ್ಕವನಿದ್ದಾಗ ಈ ಲಿಲಾವು ಮಧ್ಯಾಹ್ನ ಎರಡರ ತನಕ ನಡೆಯುತ್ತಿತ್ತು. ಹೊಟ್ಟೆ ಹಸಿದರೂ ಯಾರೂ ಏಳುತ್ತಿರಲಿಲ್ಲ.

ಈ ಸಲ ಅರ್ಧ ತಾಸಿನಲ್ಲಿ ಮುಗಿಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿಯ ಕೈ ಖಾಲಿ ಇತ್ತು. ಪ್ರತಿ ವರ್ಷ ಸೆರಗಿನಲ್ಲಿ ಎರಡು ಸೇರು ಜೋಳ ಕಟ್ಟಿಕೊಂಡು ಬರುತ್ತಿದ್ದವರು ಅವರು. ಆ ಗಂಟು ಬಿಚ್ಚೋಕೆ ಹಲ್ಲು ಹಚ್ಚುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

'ಯಾಕಾಯಿ, ಈ ಸಲ ಜ್ವಾಳ ತಂದಿಲ್ಲ?'

'ಎದಕ್ಕ ತರ್ಲೋ ತಮ್ಮಾ? ನೀವು ಪುಣೇದಿಂದ ಲಕ್ಷಗಟ್ಟಲೆ ಕಳಸ್ತೀರಿ. ನಮ್ಮ ಎರಡ ಸೇರ ಜ್ವಾಳದಾಗ ಏನ ಆಗ್ತೈತಿ?'

ಸಿಟ್ಟಿನಿಂದ ಹೇಳಲಿಲ್ಲ. ಮೆಚ್ಚಿಕೊಂಡೇ ಹೇಳಿದರು. ಅದಕ್ಕೇ ನನಗೆ ಜಾಸ್ತಿ ನೋವಾಯಿತು.

ನಾನು ಪುಣೆಗೆ ಬಂದು 22 ವರ್ಷ ಆಯಿತು. ಪಿಂಪ್ರಿ-ಚಿಂಚ್‌ವಡದ ಒಂದು ಕಾರ್ಖಾನೆಯಲ್ಲಿ ಕೆಲಸ. ಇಲ್ಲಿ ನಮ್ಮದೊಂದು ಸಣ್ಣ ಕನ್ನಡ ಸಭೆ ಇದೆ. ಮರಾಠಿಯವರ ಬೆಳಗಿನ ಆರಾಧನೆ ಮುಗಿದ ಮೇಲೆ ಅದೇ ಚರ್ಚಿನಲ್ಲಿ ನಾವು ಸಂಜೆ ಕೂಡುತ್ತೇವೆ. ಮೂರು ವರ್ಷದ ಹಿಂದೆ ನಾವು ಎಂಟು ಮನೆಯವರು ಸೇರಿ ಊರ ಚರ್ಚಿಗೆ ದುಡ್ಡು ಕೂಡಿಸಿದೆವು. ಗ್ರಾನೈಟ್ ನೆಲ ಆಯಿತು, ಹೊಸ ಮೈಕ್ ಸೆಟ್ ಬಂತು. ಬಾಗಿಲ ಪಕ್ಕದ ಕಲ್ಲಿನಲ್ಲಿ ನಮ್ಮ ಹೆಸರು ಕೆತ್ತಿದ್ದಾರೆ. ನನ್ನ ಹೆಸರು ನಾಲ್ಕನೆಯದು.

ಆ ಹಬ್ಬದ ಮಧ್ಯಾಹ್ನ ಅಯ್ಯನವರ, ಅಂದರೆ ಊರ ಸಭೆಯ ಪಾದ್ರಿಯ, ಮನೆಗೆ ಚಹಾಕ್ಕೆ ಹೋದೆ. ಹೊರಸಿನ ಮೇಲೆ ಒಂದು ಪ್ಲಾಸ್ಟಿಕ್ ಬಕೆಟ್ ಇತ್ತು. ಹಿಂದಿನ ರಾತ್ರಿ ಮಳೆ ಬಂದಿತ್ತು, ತಗಡು ಸೋರುತ್ತದೆ. ಸಭೆಯ ಪಾಲಿನ ಸಂಬಳ ನಾಲ್ಕು ತಿಂಗಳಿಂದ ಕೊಟ್ಟಿಲ್ಲ ಅಂತ ಅಮ್ಮನವರು ಅಡುಗೆಮನೆಯಿಂದಲೇ ಹೇಳಿದರು. ಮಗಳ ಕಾಲೇಜಿನ ಫೀ ಬಾಕಿ. ಯಾಕೆ ಹೀಗಾಯಿತು ಅಂತ ಕೇಳಿದೆ. ಕಾಣಿಕೆ ಕಮ್ಮಿ ಆಗಿದೆ ಅಂದರು. ಪುಣೆಯವರು ಇದ್ದಾರಲ್ಲ ಅಂತ ಜನ ಕೈ ಬಿಟ್ಟಿದ್ದಾರೆ.

ನಮಗೆ ಯಾಕೆ ತಿಳಿಸಲಿಲ್ಲ ಅಂದೆ. ಅಯ್ಯನವರು ಸುಮ್ನೆ ಚಹಾದ ಕಪ್ಪು ನೋಡುತ್ತ ಕೂತರು. ಹೇಗೆ ತಿಳಿಸುತ್ತಾರೆ? ಮೂರು ವರ್ಷದಲ್ಲಿ ನಾವು ಎಷ್ಟು ಸಲ ಬಂದಿದ್ದೇವೋ ಅಷ್ಟೂ ಸಲ ನಮಗೆ ಕುರ್ಚಿ, ಹಾರ, ಭಾಷಣ. ನೆಲಕ್ಕೆ ಯಾವ ಕಲ್ಲು ಅಂತ ಹತ್ತು ಸಲ ಫೋನ್ ಮಾಡಿದೆವು. ನಿಮ್ಮ ಮನೆ ಹೇಗಿದೆ ಅಂತ ಒಂದು ಸಲವೂ ಕೇಳಲಿಲ್ಲ.

ಇದನ್ನು ಬರೆಯೋಕೆ ಕಾರಣ ಇದೆ. ಬಡ ದೇಶಗಳ ಸಭೆಗಳಿಗೆ ಹೊರಗಿನ ದುಡ್ಡು ಬಂದು ಏನೇನಾಯಿತು ಅನ್ನುವ ಮಾತು ಹಳೆಯದು. ಅದರಲ್ಲಿ ನಾವು ಯಾವಾಗಲೂ ತಗೊಳ್ಳುವ ಕಡೆ ಇದ್ದೆವು. ಈಗ ಪುಣೆ, ಮುಂಬೈ, ದುಬೈಯಲ್ಲಿ ಕೂತು ನಾವೇ ಕೊಡುವವರಾಗಿದ್ದೇವೆ. ಆಗ ಕೊಟ್ಟವರು ಮಾಡಿದ ತಪ್ಪನ್ನೇ ನಾವೂ ಮಾಡುತ್ತಿದ್ದೇವೆ ಅನ್ನೋದು ನನ್ನ ಅನಿಸಿಕೆ.

ನಮ್ಮ ಕಥೆಯನ್ನೇ ನೋಡಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಷನರಿ ಸಂಘ, ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ. ಅವರ ಬದುಕು ಸುಲಭದ್ದಲ್ಲ. ಮದುವೆ ಆಗೋಕೂ ಬಾಸೆಲಿನ ಕಮಿಟಿಯ ಅಪ್ಪಣೆ ಬೇಕಿತ್ತು. ಎಷ್ಟೋ ಹೆಣ್ಣುಮಕ್ಕಳು ಮುಖ ನೋಡದ ಗಂಡನಿಗಾಗಿ ತಿಂಗಳುಗಟ್ಟಲೆ ಹಡಗಿನಲ್ಲಿ ಬಂದರು. ಹುಟ್ಟಿದ ಮಕ್ಕಳನ್ನು ಚಿಕ್ಕ ವಯಸ್ಸಿನಲ್ಲೇ ಓದೋಕೆ ಅಂತ ಯೂರೋಪಿಗೆ ಕಳಿಸುತ್ತಿದ್ದರು. ಎಷ್ಟೋ ತಾಯಂದಿರು ಆ ಮಕ್ಕಳನ್ನು ಮತ್ತೆ ನೋಡಿದ್ದು ಅವರು ದೊಡ್ಡವರಾದ ಮೇಲೆ. ಆ ಬದುಕಿನಿಂದಲೇ 1843ರ 'ಮಂಗಳೂರ ಸಮಾಚಾರ' ಪತ್ರಿಕೆ ಬಂತು, 1894ರಲ್ಲಿ ಕಿಟ್ಟೆಲ್ ನಿಘಂಟು ಬಂತು. ಬೆಟಗೇರಿಯ ಜರ್ಮನ್ ಆಸ್ಪತ್ರೆಯಲ್ಲಿ ಹುಟ್ಟಿದವರು ನಮ್ಮ ಮನೆಯಲ್ಲೇ ಐದು ಜನ ಇದ್ದೇವೆ. ಅವರ ಋಣ ನನಗೆ ಗೊತ್ತು.

ಆದರೆ ಕೆಲಸದ ಒಂದು ಭಾಗ ಹೀಗೂ ಇತ್ತು. ಕ್ರೈಸ್ತರಾದವರಿಗೆ ಜಾತಿಯ ಕಸುಬು ತಪ್ಪಿಹೋಗುತ್ತಿತ್ತು. ಅವರಿಗೆ ಕೂಳು ಬೇಕಲ್ಲ ಅಂತ ಮಿಷನ್ನೇ ನೇಯ್ಗೆ ಶುರು ಮಾಡಿತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿತು. ಒಳ್ಳೆಯ ಕೆಲಸವೇ. ಆದರೆ ಪಾದ್ರಿಯ ಸಂಬಳ, ಶಾಲೆ, ಕೆಲಸ, ಮನೆ ಎಲ್ಲವೂ ಒಂದೇ ಕೈಯಿಂದ ಬಂತು. 1914ರಲ್ಲಿ ಯುದ್ಧ ಶುರುವಾಯಿತು. ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಆಮೇಲೆ ವಾಪಸ್ ಕಳಿಸಿದರು. ಕಾರ್ಖಾನೆಗಳು ಬ್ರಿಟಿಷರ ಕೈಗೆ ಹೋದವು. ಆ ಕೈ ಹೋದಾಗ ಸಭೆಗಳಿಗೆ ಎಷ್ಟು ದಿಕ್ಕು ತೋಚದಂತಾಗಿತ್ತು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು.

ಪುಣೆಗೆ ಬಂದ ಮೇಲೆ ನಾನು ಇನ್ನೊಂದು ದಾರಿ ನೋಡಿದೆ. ನಾವು ಬಾಸೆಲ್ ಮಿಷನ್ನಿನವರು ಹಾಡುವುದು ಎದ್ದು ನಿಂತು, ಜರ್ಮನ್ ರಾಗಕ್ಕೆ ಕನ್ನಡ ಮಾತು, ನಾಲ್ಕು ದನಿಯಲ್ಲಿ. ಆ ಹಾಡುಗಳು ನನಗೆ ಜೀವ. ಮರಾಠಿ ಸಭೆಯವರು ಭಜನೆಯ ದಿನ ಜಮಖಾನೆ ಹಾಸಿ, ತಾಳ ಹಿಡಿದು ಹಾಡುತ್ತಾರೆ. ಆ ಹಾಡುಗಳಲ್ಲಿ ಬಹಳಷ್ಟು ಮರಾಠಿ ಕವಿ ನಾರಾಯಣ ವಾಮನ ಟಿಳಕರವು. ಅವರು 1895ರಲ್ಲಿ ದೀಕ್ಷಾಸ್ನಾನ ತಗೊಂಡು ಕ್ರೈಸ್ತರಾದವರು, ಅಹಮದ್‌ನಗರದ ಅಮೆರಿಕನ್ ಮಿಷನ್ನಿನಲ್ಲಿ ದುಡಿದವರು. 1917ರಲ್ಲಿ ಮಿಷನ್ನಿನ ಸಂಬಳ ಬಿಟ್ಟು 'ದೇವಾಚಾ ದರ್ಬಾರ್' ಅಂತ ಒಂದು ಬಳಗ ಕಟ್ಟಿದರು. ಎರಡು ವರ್ಷಕ್ಕೆ ತೀರಿಕೊಂಡರು. ಆ ಬಳಗ ದೊಡ್ಡದಾಗಿ ಬೆಳೆಯಲಿಲ್ಲ. ಆದರೆ ಹಾಡು ಉಳಿಯಿತು. ಮನೆಗೆಲಸದ ಹೆಂಗಸರೂ ಪುಸ್ತಕ ನೋಡದೆ ಹಾಡುತ್ತಾರೆ.

ಇನ್ನೊಬ್ಬರು ಪಂಡಿತಾ ರಮಾಬಾಯಿ. ಅವರು ನಮ್ಮ ನೆಲದವರು ಅಂತ ಎಷ್ಟು ಕನ್ನಡಿಗರಿಗೆ ಗೊತ್ತು? 1858ರಲ್ಲಿ ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿಗಳು ಕಾರ್ಕಳದ ಹತ್ತಿರದ ಮಾಳದವರು. ವಿಧವೆಯರಿಗಾಗಿ ರಮಾಬಾಯಿ ನಡೆಸುತ್ತಿದ್ದ ಶಾಲೆ ಶಾರದಾ ಸದನಕ್ಕೆ ಬಾಸ್ಟನ್ನಿನ ಒಂದು ಸಂಘ ಹತ್ತು ವರ್ಷ ನೆರವು ಕೊಡುತ್ತೇವೆ ಅಂತ ಒಪ್ಪಿತ್ತು. ಹತ್ತೇ ವರ್ಷ, ಕಡೆಯ ದಿನ ಮೊದಲೇ ಗೊತ್ತಿತ್ತು. ಅಷ್ಟರೊಳಗೆ ಅವರು ಪುಣೆಯಿಂದ ಸೋಲಾಪುರದ ರೈಲು ದಾರಿಯಲ್ಲಿ ಬರುವ ಕೇಡಗಾವಿನಲ್ಲಿ ಜಮೀನು ತಗೊಂಡು ಬಾವಿ ತೋಡಿಸಿದ್ದರು. ಬರಗಾಲದಲ್ಲಿ ಬಂದ ಹೆಣ್ಣುಮಕ್ಕಳು ಅಲ್ಲೇ ಬೆಳೆ ತೆಗೆದರು, ಎಣ್ಣೆ ತೆಗೆದರು, ಬಟ್ಟೆ ನೇಯ್ದರು, ಅಚ್ಚಿನ ಮೊಳೆ ಜೋಡಿಸಿದರು. ರಮಾಬಾಯಿ ಮರಾಠಿಗೆ ತಂದ ಬೈಬಲ್ಲನ್ನು ಅಚ್ಚು ಹಾಕಿದ್ದು ಆ ಹೆಣ್ಣುಮಕ್ಕಳೇ. ಆಮೇಲೂ ಹೊರಗಿನಿಂದ ನೆರವು ಬರುತ್ತಲೇ ಇತ್ತು, ಅದನ್ನು ಬಚ್ಚಿಡಬೇಕಾಗಿಲ್ಲ. ಆದರೆ ಒಳಗಿನವರು ಕೈ ಕಟ್ಟಿ ಕೂತಿರಲಿಲ್ಲ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮಿಜೋರಾಮಿನ ಹಿಡಿ ಅಕ್ಕಿ. ಮಿಷನರಿಗಳು ಅಲ್ಲಿಗೆ ಬಂದದ್ದು 1894ರಲ್ಲಿ. 1910ಕ್ಕೆ ಅಲ್ಲಿಯ ಹೆಂಗಸರು ಒಂದು ರೂಢಿ ಶುರು ಮಾಡಿದರು. ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದು ಬೇರೆ ಪಾತ್ರೆಯಲ್ಲಿ ಹಾಕೋದು. ಅದನ್ನು ಕೂಡಿಸಿ ಮಾರಿ ಸಭೆಗೆ ಕೊಡೋದು. ಅವರ ಭಾಷೆಯಲ್ಲಿ ಅದು 'ಬುಹ್‌ಫಾಯ್ ಥಾಮ್'. ಇವತ್ತಿಗೂ ನಡೆಯುತ್ತಿದೆ. ಅಷ್ಟು ಸಣ್ಣ ರಾಜ್ಯದ ಸಭೆ ಇವತ್ತು ದೇಶದ ಬೇರೆ ಬೇರೆ ಕಡೆಗೆ ತಾನೇ ಮಿಷನರಿಗಳನ್ನು ಕಳಿಸುತ್ತದೆ. ಅದರ ಹಿಂದೆ ಆ ಹಿಡಿ ಅಕ್ಕಿಯೂ ಇದೆ.

ಇದು ನಮಗೇನು ಹೊಸದಾ? ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಯವರು ಜೋಳದ ರೊಟ್ಟಿ ತಟ್ಟಿ ಗಾಡಿ ತುಂಬಿ ಕಳಿಸುತ್ತಾರೆ. ತಟ್ಟಿದ ಹೆಣ್ಣುಮಗಳಿಗೆ ಆ ದಾಸೋಹ ತನ್ನದು. ನಮ್ಮ ಅಜ್ಜಿಗೂ ಎರಡು ಸೇರು ಜೋಳದಿಂದ ಚರ್ಚು ತನ್ನದಾಗಿತ್ತು. ಅದನ್ನು ನಾವು ಗ್ರಾನೈಟ್ ಹಾಕಿ ಮುಚ್ಚಿಬಿಟ್ಟೆವು.

ಹಾಗಂತ ಹೊರಗಿನ ದುಡ್ಡೇ ಬೇಡ ಅನ್ನುವವನು ನಾನಲ್ಲ. 1971ರಲ್ಲಿ ಪೂರ್ವ ಆಫ್ರಿಕಾದ ಪ್ರೆಸ್ಬಿಟೇರಿಯನ್ ಸಭೆಯ ಜಾನ್ ಗಾಟು ಅಮೆರಿಕದಲ್ಲೇ ನಿಂತು ಮಿಷನರಿಗಳನ್ನು ಕೆಲವು ವರ್ಷ ವಾಪಸ್ ಕರೆಸಿಕೊಳ್ಳಿ ಅಂದರು. ದುಡ್ಡೂ ಸಾಕು, ನಮ್ಮ ಕಾಲ ಮೇಲೆ ನಿಲ್ಲೋಕೆ ಬಿಡಿ ಅನ್ನೋದು ಅವರ ಮಾತಿನ ತಿರುಳು. ಆ ಮಾತಿನ ಹಿಂದಿನ ನೋವು ನನಗೆ ಅರ್ಥ ಆಗುತ್ತದೆ. ಆದರೆ ಬರಗಾಲದಲ್ಲಿ, ಕಾಲರಾದಲ್ಲಿ ಹಿಡಿ ಅಕ್ಕಿ ಸಾಲೋದಿಲ್ಲ. ಆಪರೇಷನ್ ಥಿಯೇಟರ್ ಹಿಡಿ ಜೋಳದಿಂದ ನಡೆಯೋದಿಲ್ಲ. ಬೆಟಗೇರಿಯ ಆಸ್ಪತ್ರೆಯನ್ನು ಹಳ್ಳಿಯವರ ಕಾಣಿಕೆಯಿಂದ ಕಟ್ಟೋಕೆ ಆಗುತ್ತಿರಲಿಲ್ಲ. ಈಗಂತೂ ಪರದೇಶದ ದುಡ್ಡಿನ ಕಾನೂನು 2020ರಿಂದ ಬಿಗಿಯಾಗಿದೆ. ಎಲ್ಲವೂ ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು, ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತಿಲ್ಲ. ಆದ್ದರಿಂದ ನಮ್ಮಂಥವರ ಕಡೆ ಇನ್ನೂ ಜಾಸ್ತಿ ಕಣ್ಣು ಬೀಳುತ್ತದೆ. ನಾವು ಕೊಡಬೇಕು. ಹೇಗೆ ಅನ್ನೋದೇ ಪ್ರಶ್ನೆ.

1910ರಲ್ಲಿ ಎಡಿನ್‌ಬರೋದ ದೊಡ್ಡ ಮಿಷನರಿ ಸಮ್ಮೇಳನದಲ್ಲಿ ನಮ್ಮ ತಮಿಳುನಾಡಿನ ವಿ. ಎಸ್. ಅಜರಯ್ಯ ಮಾತಾಡಿದ್ದರು. ನಿಮ್ಮ ಆಸ್ತಿ ಕೊಟ್ಟಿರಿ, ನಿಮ್ಮ ದೇಹವನ್ನೇ ಸವೆಸಿದಿರಿ, ನಮಗೆ ಗೆಳೆಯರನ್ನೂ ಕೊಡಿ ಅನ್ನುವ ಅರ್ಥದ ಮಾತು. ಅದನ್ನು ನಾನು ಹಿಂದೆ ಓದಿದ್ದೆ. ತಟ್ಟಿದ್ದು ಮಾತ್ರ ಹೋದ ವರ್ಷ.

ನಂದುರಬಾರ್ ಜಿಲ್ಲೆಯ ಸಾತಪುಡಾ ಬೆಟ್ಟದ ಕಡೆ ಮಿಷನರಿ ಕೆಲಸದಲ್ಲಿರುವ ಗಂಡ ಹೆಂಡತಿ ನಮ್ಮ ಸಂಜೆಯ ಸಭೆಗೆ ಬಂದಿದ್ದರು. ಬೀದರ್ ಕಡೆಯವರು. ಅಲ್ಲಿಯ ಜನರ ಜೊತೆ ಪಾವರಿ ಮಾತಾಡುತ್ತಾರೆ, ಅಂಗಡಿಯಲ್ಲಿ ಮರಾಠಿ. ಇಬ್ಬರು ಮಕ್ಕಳನ್ನು ದೂರದ ಹಾಸ್ಟೆಲಿನಲ್ಲಿ ಬಿಟ್ಟಿದ್ದಾರೆ. ಬೇಸಿಗೆಗೆ ಮಾತ್ರ ಮನೆಗೆ ಬರುತ್ತವೆ. ನಾವು ಎಂದಿನ ಹಾಗೆ ಕೇಳಿದೆವು, ಏನು ಬೇಕು ಹೇಳಿ, ಜನರೇಟರ್ ಕೊಡಿಸೋಣವಾ, ಒಂದು ಸೆಕೆಂಡ್ ಹ್ಯಾಂಡ್ ಜೀಪು? ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು:

'ವರ್ಷಕ್ಕ ಒಮ್ಮೆ ಬಂದು ನಾಕ ದಿನ ಇದ್ದು ಹೋಗ್ರಿ. ಇಕೀ ಕೂಡ ಕನ್ನಡದಾಗ ಮಾತಾಡವ್ರು ಯಾರೂ ಇಲ್ಲ.'

ಅಕ್ಕ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಿದ್ದರು. ಕಣ್ಣು ತುಂಬಿತ್ತು.

ನಾವೂ ಹಿಂದೆ ಇಂಥ ಕಡೆಗೆ ಹೋದವರೇ. ಬೆಳಗ್ಗೆ ವ್ಯಾನಿನಲ್ಲಿ ಹೋಗಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಿಸ್ಕತ್ತು ಹಂಚಿ, ಫೋಟೋ ತೆಗೆದು, ಕತ್ತಲಾಗುವ ಮೊದಲು ಹೊರಟುಬಿಡುತ್ತಿದ್ದೆವು. ಆ ಮನೆಯ ಊಟಕ್ಕೆ ಕೂತಿದ್ದು ನೆನಪಿಲ್ಲ.

ನಮ್ಮ ಸಭೆಯಲ್ಲಿ ಈ ವಿಷಯಕ್ಕೆ ಎರಡು ಭಾನುವಾರ ವಾದ ಆಯಿತು. ನಾನು ಹೇಳಿದ್ದು ಇಷ್ಟು. ಊರ ಸಭೆ ಏನು ಕೂಡಿಸುತ್ತದೋ ಅದು ಮೊದಲು. ಎರಡು ಸೇರು ಜೋಳವಾದರೂ ಸರಿ. ಅವರು ಕೂಡಿಸಿದಷ್ಟನ್ನೇ ನಾವೂ ಹಾಕೋಣ. ಅದು ನೆಲಕ್ಕೆ, ಮೈಕಿಗೆ ಹೋಗುವ ಮೊದಲು ಅಯ್ಯನವರ ಸಂಬಳಕ್ಕೆ ಹೋಗಲಿ. ಎಲ್ಲಿ ಖರ್ಚಾಯಿತು ಅಂತ ಅವರು ತಮ್ಮ ಸಭೆಯ ಮುಂದೆ ಓದಲಿ, ನಮಗೆ ಬೇರೆ ವರದಿ ಬೇಡ. ಕಲ್ಲಿನ ಮೇಲೆ ಹೆಸರು ಬೇಡ. 'ಅವರು ಬಡವರು, ಅವರ ಹತ್ರ ಏನು ಕೇಳೋದು?' ಅಂತ ಒಬ್ಬರು ಎದ್ದರು. ಆ ಅಜ್ಜಿ ಬಡವರಾಗಿದ್ದದ್ದು ನನಗೆ ಗೊತ್ತು. ಆದರೂ ನಲವತ್ತು ವರ್ಷ ಜೋಳ ತಂದರು. ಅವರು ನಿಲ್ಲಿಸಿದ್ದು ನಾವು ದೊಡ್ಡ ಮೊತ್ತ ಕಳಿಸಿದ ಮೇಲೆ. ಅಷ್ಟನ್ನು ಹೇಳಿ ಕೂತೆ. ಎಲ್ಲರೂ ಒಪ್ಪಲಿಲ್ಲ. ಐದು ಮನೆ ಒಪ್ಪಿದವು. ಅಯ್ಯನವರ ಮನೆಯ ತಗಡನ್ನು ಮಾತ್ರ ಯಾರ ಲೆಕ್ಕಕ್ಕೂ ಕಾಯದೆ ಹಾಕಿಸಿದೆವು.

ಮೊನ್ನೆ ಊರಿಗೆ ಫೋನ್ ಮಾಡಿದಾಗ ಆಯಿಗೆ ಮಾತಾಡಲು ಕೊಡಿ ಅಂದೆ. ಬರುವ ಸುಗ್ಗಿಗೆ ಜೋಳ ತರಲೇಬೇಕು, ಅದನ್ನು ಲಿಲಾವಿನಲ್ಲಿ ಕೂಗಿ ತಗೊಳ್ಳೋಕೆ ಬರುತ್ತೇನೆ ಅಂದೆ. 'ನೋಡೂಣ ತಮ್ಮಾ, ಮಳಿ ಆಗ್ಲಿ' ಅಂದರು.

ಬರುವ ತಿಂಗಳು ನಾನೂ ನನ್ನ ಹೆಂಡತಿಯೂ ನಂದುರಬಾರಿನ ರಾತ್ರಿ ಬಸ್ಸು ಹಿಡಿಯುತ್ತೇವೆ. ಏನು ತರಲಿ ಅಂತ ಆ ಅಕ್ಕನಿಗೆ ಫೋನಿನಲ್ಲಿ ಕೇಳಿದೆವು. ಎಷ್ಟೋ ಹೊತ್ತು ಏನೂ ಬೇಡ ಅಂದರು. ಕಡೆಗೆ ಎರಡು ಹೇಳಿದರು. ಶೇಂಗಾ ಚಟ್ನಿ, ಮತ್ತೆ ಕನ್ನಡ ಹಾಡಿನ ಪುಸ್ತಕ. ಅವರದ್ದರ ರಟ್ಟು ಕಿತ್ತು ಕೊನೆಯ ಹಾಳೆಗಳು ಹೋಗಿವೆಯಂತೆ.