ಆಮೇಲೆ ಹೇಳ್ತೀನಿ

ರಾತ್ರಿ ನೀರು ಕುಡಿಯಲು ಎದ್ದವನು ಕತ್ತಲಲ್ಲೇ ಹಾಲ್ ದಾಟುತ್ತಿದ್ದೆ. ಅಂಗಾಲಿಗೆ ಏನೋ ಚುಕ್ಕೆಂದು ಚುಚ್ಚಿತು. ನಾನು ಕಿರುಚಿದ್ದಕ್ಕೆ ಮನೆಯೆಲ್ಲ ಎದ್ದಿತು. ಲೈಟ್ ಹಾಕಿದರೆ ಬೆರಳುದ್ದದ ಒಬ್ಬ ಪ್ಲಾಸ್ಟಿಕ್ ವೀರ ನೆಲದ ಮೇಲೆ ಬಿದ್ದಿದ್ದ. ಅವನ ಕೊಡಲಿ ಮಾತ್ರ ನನ್ನ ಕಾಲಲ್ಲಿತ್ತು. ಮಗ ಓಡಿ ಬಂದ. ನನ್ನ ಕಾಲಿನ ಕಡೆ ತಿರುಗಿಯೂ ನೋಡದೆ ಬೊಂಬೆಯನ್ನು ಎತ್ತಿಕೊಂಡ.

"ಅಯ್ಯೋ, ಆ್ಯಂಗ್ರಾನ್! ಪಾಪ, ಅವನಿಗೆ ಅವರಪ್ಪನಿಂದ ಆಗಿರೋದು ಸಾಲದಾ?"

ಅವರಪ್ಪ ಯಾರು ಅಂತ ಕೇಳಿದ್ದೇ ನನ್ನ ತಪ್ಪು. ಬೆಳಗಿನ ಜಾವದವರೆಗೂ ಕಥೆ ನಡೆಯಿತು.

ವಾರ್‌ಹ್ಯಾಮರ್ 40,000 ಅನ್ನುವುದು ಮೇಜಿನ ಮೇಲೆ ಆಡುವ ಯುದ್ಧದ ಆಟ. 1987ರಿಂದ ಇದೆ. ಪುಟ್ಟ ಸೈನಿಕರಿಗೆ ನಾವೇ ಬಣ್ಣ ಹಚ್ಚಬೇಕು, ಟೇಪು ಹಿಡಿದು ದೂರ ಅಳೆಯಬೇಕು, ದಾಳ ಉರುಳಿಸಬೇಕು. ಆಟ ಅಷ್ಟೇ. ಆದರೆ ಅದರ ಹಿಂದಿನ ಪುರಾಣ ಮಾತ್ರ ಮುಗಿಯುವಂಥದ್ದಲ್ಲ. ಅದರ ನಡುಮಧ್ಯದಲ್ಲಿ ಮನುಕುಲದ ಚಕ್ರವರ್ತಿ ಅಂತ ಒಬ್ಬನಿದ್ದಾನೆ. ಸಾವಿರಾರು ವರ್ಷ ಬದುಕಿದವನು, ಇಡೀ ಗ್ಯಾಲಕ್ಸಿ ಗೆಲ್ಲಲು ಹೊರಟವನು. ಅದಕ್ಕೆ ಸಹಾಯವಾಗಲಿ ಅಂತ ಪ್ರಯೋಗಾಲಯದಲ್ಲಿ 20 ಗಂಡುಮಕ್ಕಳನ್ನು ಸೃಷ್ಟಿಸಿದ. ಪ್ರೈಮಾರ್ಕ್‌ಗಳು ಅಂತ ಅವರ ಹೆಸರು. ದುಷ್ಟಶಕ್ತಿಗಳು ಅಷ್ಟೂ ಕೂಸುಗಳನ್ನು ಎತ್ತಿ ಗ್ಯಾಲಕ್ಸಿಯ ಮೂಲೆ ಮೂಲೆಗೆ ಎಸೆದವು. ಜಾತ್ರೆಯಲ್ಲಿ ಒಂದು ಮಗು ಕಳೆದರೇ ಜೀವ ಬಾಯಿಗೆ ಬರುತ್ತದೆ. ಇವನು ಕಳೆದುಕೊಂಡದ್ದು 20.

ಹುಡುಕಿ ತಂದನಲ್ಲ, ಅದನ್ನು ಒಪ್ಪಬೇಕು. ಆದರೆ ಇಬ್ಬರ ಕಥೆ ಏನಾಯಿತೋ, ದಾಖಲೆಯಿಂದಲೇ ಅಳಿಸಿಹಾಕಿದ್ದಾರೆ. ಮಿಕ್ಕ 18ರಲ್ಲಿ 9 ಮಂದಿ ಕೊನೆಗೆ ಅಪ್ಪನ ಮೇಲೇ ತಿರುಗಿಬಿದ್ದರು. ಅಂದರೆ ಸರಿಯಾಗಿ ಅರ್ಧಕ್ಕರ್ಧ. ನನಗಿರುವುದು ಇಬ್ಬರೇ ಮಕ್ಕಳು. ಅದೇ ಲೆಕ್ಕ ಹಿಡಿದರೆ ಒಬ್ಬರು ಗ್ಯಾರಂಟಿ. ಯಾರು ಅಂತ ಹೆಂಡತಿಗೆ ಆಗಲೇ ಅಂದಾಜಿದೆ, ಹೇಳುತ್ತಿಲ್ಲ.

ಆ್ಯಂಗ್ರಾನ್ ಬೆಳೆದದ್ದು ನ್ಯೂಸೀರಿಯಾ ಅನ್ನುವ ಗ್ರಹದಲ್ಲಿ, ಗುಲಾಮನಾಗಿ. ತಲೆಯೊಳಗೆ ಸದಾ ಸಿಟ್ಟು ಏರಿಸುವ ಯಂತ್ರ ಕೂರಿಸಿ ಅವನನ್ನು ಅಖಾಡಕ್ಕೆ ಬಿಡುತ್ತಿದ್ದರು. ಒಂದು ದಿನ ಜೊತೆಯವರನ್ನು ಕಟ್ಟಿಕೊಂಡು ದಂಗೆ ಎದ್ದ. ನಾಳೆ ಬೆಳಗಾದರೆ ಎಲ್ಲರೂ ಒಟ್ಟಿಗೆ ಸಾಯುವುದು ಅಂತ ತೀರ್ಮಾನವಾಗಿತ್ತು. ಆಗ ಅಪ್ಪ ಬಂದ. ಮಗನೊಬ್ಬನನ್ನೇ ತನ್ನ ಹಡಗಿಗೆ ಸೆಳೆದುಕೊಂಡ. ಸ್ನೇಹಿತರು ಅಲ್ಲೇ ಸತ್ತರು. ಚಕ್ರವರ್ತಿಯ ಹತ್ತಿರ ಗ್ರಹಗಳನ್ನೇ ಗೆಲ್ಲುವ ಸೈನ್ಯ ಇತ್ತು. ಅವರನ್ನೂ ಉಳಿಸಬಹುದಿತ್ತು, ಅಲ್ವಾ? ಯಾಕೆ ಉಳಿಸಲಿಲ್ಲ ಅಂತ ಮಗನನ್ನು ಕೂರಿಸಿಕೊಂಡು ಎರಡು ಮಾತು ಹೇಳಲೂ ಇಲ್ಲ.

ಇಷ್ಟು ಕೇಳುವ ಹೊತ್ತಿಗೆ ನನಗೆ ಹೋದ ತಿಂಗಳ ಆಟದ ಮೈದಾನ ನೆನಪಾಯಿತು. ಕೊನೆಯ ಎರಡು ನಿಮಿಷ, ತಂಡಕ್ಕೆ ಒಂದು ಗೋಲು ಬೇಕು. ನಾನು ಹೋಗಿ ಮಗನ ಕೈ ಹಿಡಿದು ಕಾರಿಗೆ ಎಳೆದುಕೊಂಡು ಬಂದಿದ್ದೆ. "ಯಾಕಪ್ಪಾ?" ಅಂದದ್ದಕ್ಕೆ "ಆಮೇಲೆ ಹೇಳ್ತೀನಿ" ಅಂದೆ. ಮಳೆ ಬರೋ ಹಾಗಿತ್ತು, ಅಷ್ಟೇ. ಬರಲೂ ಇಲ್ಲ.

ಮಗ ಈಗ ನನ್ನನ್ನೇ ನೋಡುತ್ತಿದ್ದ. "ಮುಂದೆ ಹೇಳು" ಅಂದೆ.

ಲೋರ್ಗರ್ ಅಂತ ಇನ್ನೊಬ್ಬ. ಅಪ್ಪನೇ ದೇವರು ಅಂತ ನಂಬಿದವನು. ಗೆದ್ದ ಕಡೆಯೆಲ್ಲ ಅವನಿಗೆ ಗುಡಿ ಕಟ್ಟಿಸಿದ. ಚಕ್ರವರ್ತಿಗೆ ದೇವರು ಅಂದರೆ ಆಗದು. ಆದರೂ ಎಷ್ಟೋ ವರ್ಷ ಸುಮ್ಮನಿದ್ದ. ಆಮೇಲೆ ಒಂದು ದಿನ ಮಗ ಪ್ರೀತಿಯಿಂದ ಕಟ್ಟಿದ ಮೊನಾರ್ಕಿಯಾ ನಗರವನ್ನೇ ಸುಡಿಸಿದ. ಅದೂ ಅಣ್ಣತಮ್ಮಂದಿರಲ್ಲೇ ಒಬ್ಬನ ಸೈನ್ಯದಿಂದ. ಬೂದಿಯ ನಡುವೆ ಲೋರ್ಗರ್‌ನನ್ನೂ ಅವನ ಅಷ್ಟೂ ಸೈನಿಕರನ್ನೂ ಮಂಡಿಯೂರಿಸಿದ. ತಮಾಷೆ ಏನೆಂದರೆ, ಅದೇ ಲೋರ್ಗರ್ ಬರೆದ ಗ್ರಂಥವನ್ನು ಹಿಡಿದುಕೊಂಡೇ ಮುಂದಿನ 10,000 ವರ್ಷ ಇಡೀ ಸಾಮ್ರಾಜ್ಯ ಚಕ್ರವರ್ತಿಯನ್ನು ಪೂಜೆ ಮಾಡುತ್ತದೆ.

ನಾನು ಯಾವ ನಗರವನ್ನೂ ಸುಟ್ಟಿಲ್ಲ. ಆದರೆ ಮನೆ ಸ್ವಚ್ಛ ಮಾಡುವ ಹುರುಪಿನಲ್ಲಿ ಒಂದು ರಟ್ಟಿನ ಡಬ್ಬ ಎಸೆದಿದ್ದೆ. ಅದು ಮಗಳು ಎರಡು ವಾರ ಕೂತು ಕಟ್ಟಿದ ಅರಮನೆಯಂತೆ. ಬಾಗಿಲ ಮೇಲೆ "ಅಪ್ಪನ ಆಫೀಸು" ಅಂತ ಬರೆದಿತ್ತಂತೆ. ಆ ವಿಷಯ ಗೊತ್ತಾಗುವ ಹೊತ್ತಿಗೆ ಕಸದ ಗಾಡಿ ಹೊರಟುಹೋಗಿತ್ತು.

ಹೋರಸ್‌ನದು ದೊಡ್ಡ ಕಥೆ. ಮೊದಲು ಸಿಕ್ಕ ಮಗ, ಮುದ್ದಿನವನು. ಉಲ್ಲಾನೋರ್‌ನಲ್ಲಿ ದೊಡ್ಡ ಗೆಲುವಾದ ಮೇಲೆ ಚಕ್ರವರ್ತಿ ಅವನಿಗೆ ವಾರ್‌ಮಾಸ್ಟರ್ ಪಟ್ಟ ಕಟ್ಟಿ, "ಇನ್ನು ನೀನೇ ನೋಡ್ಕೋ" ಅನ್ನುವ ಹಾಗೆ ಭೂಮಿಗೆ ಹೊರಟುಬಿಟ್ಟ. ಅರಮನೆಯ ಕೆಳಗೆ ಒಂದು ಗುಟ್ಟಿನ ಕೆಲಸ ಇತ್ತು. ಏನು ಅಂತ ಮಕ್ಕಳಿಗೆ ಹೇಳಲಿಲ್ಲ. ಅಂತರಿಕ್ಷದ ಕತ್ತಲಲ್ಲಿ ಮನಸ್ಸು ಕೆಡಿಸುವ ಪಿಶಾಚಿಗಳಿವೆ ಅನ್ನುವುದೂ ಅವನಿಗೆ ಗೊತ್ತಿತ್ತು. ಅದನ್ನೂ ಬಿಡಿಸಿ ಹೇಳಲಿಲ್ಲ. ಮುಂದೆ ಹೋರಸ್ ಗಾಯಗೊಂಡು ಮಲಗಿದ್ದಾಗ ಅವೇ ಬಂದು ಅವನ ಕಿವಿ ಊದಿದವು. ಅಪ್ಪ ದೇವರಾಗುತ್ತಾನೆ, ನಿನ್ನನ್ನು ಯಾರೂ ನೆನೆಯುವುದಿಲ್ಲ ಅಂತ. ಅಪ್ಪ ಬಾಯಿಬಿಡದಿದ್ದರೆ ಊರವರು ಬಿಡುತ್ತಾರೆ.

ನಾನೂ ಒಮ್ಮೆ "ನಾನು ಬರೋವರೆಗೆ ನೀನೇ ದೊಡ್ಡವನು" ಅಂತ ಮಗನಿಗೆ ಪಟ್ಟ ಕಟ್ಟಿ ಹೋಗಿದ್ದೆ. ವಾಪಸ್ ಬಂದಾಗ ದೊಡ್ಡವನು ಬಾಲ್ಕನಿಯಲ್ಲಿದ್ದ, ಚಿಲಕ ಒಳಗಿನಿಂದ ಹಾಕಿತ್ತು, ಟಿವಿ ರಿಮೋಟು ತಂಗಿಯ ಕೈಯಲ್ಲಿತ್ತು.

ಪರ್ಟುರಾಬೊ ಅಂತ ಒಬ್ಬನಿದ್ದಾನೆ, ಪಾಪ. ಯಾವಾಗ ನೋಡಿದರೂ ಕಂದಕ ತೋಡುವ, ಕೋಟೆ ಮುತ್ತುವ ಕೆಲಸ. ಒಂದು ಶಹಬ್ಬಾಸ್ ಇಲ್ಲ. ಅವನ ಕಥೆ ಬರುವಾಗ ನನ್ನ ಹೆಂಡತಿ ಜೋರಾಗಿ ಕೆಮ್ಮಿದಳು.

ಕಾಲಿನ ಗಾಯ ಮಾಯುವ ಮುಂಚೆಯೇ ಮ್ಯಾಗ್ನಸ್ ಅನ್ನುವ ಇನ್ನೊಬ್ಬ ಮಗನ ಸರದಿ ಬಂತು. ಒಂದು ಮುಖ್ಯವಾದ ಆನ್‌ಲೈನ್ ಮೀಟಿಂಗ್. ಬಾಗಿಲು ಹಾಕಿಕೊಂಡು, "ಯಾರೂ ಬರಕೂಡದು" ಅಂತ ಕೂಗಿ ಹೇಳಿ ಕೂತಿದ್ದೆ. ಯಾಕೆ ಅಂತ ಎಂದಿನ ಹಾಗೆ ಹೇಳಿರಲಿಲ್ಲ. ಹತ್ತು ನಿಮಿಷಕ್ಕೆ ಮಗಳು ಬಾಗಿಲು ತಳ್ಳಿಕೊಂಡು ನುಗ್ಗಿದಳು. "ಅಪ್ಪಾ, ಬಚ್ಚಲು..." ಅನ್ನುವಷ್ಟರಲ್ಲಿ ಅವಳ ಕಾಲಿಗೆ ವೈರು ಸಿಕ್ಕಿ, ವೈಫೈ ಡಬ್ಬ ಕೆಳಗೆ ಬಿದ್ದು, ಮೀಟಿಂಗು ಮಾಯವಾಯಿತು. ನಾನು ಬಾಗಿಲ ಬಗ್ಗೆ, ಶಿಸ್ತಿನ ಬಗ್ಗೆ ಐದು ನಿಮಿಷ ಭಾಷಣ ಮಾಡಿದೆ. ಬಚ್ಚಲಲ್ಲಿ ಏನು ಅಂತ ಕೇಳಲಿಲ್ಲ. ಭಾಷಣ ಮುಗಿಯುವ ಹೊತ್ತಿಗೆ ನೀರೇ ಹಾಲ್ ದಾಟಿಕೊಂಡು ನನ್ನ ಹತ್ತಿರ ಬಂತು.

"ಥೇಟ್ ಮ್ಯಾಗ್ನಸ್!" ಮಗನಿಗೆ ಖುಷಿಯೋ ಖುಷಿ. ಹೋರಸ್ ಕೈಕೊಡುತ್ತಾನೆ ಅಂತ ಮ್ಯಾಗ್ನಸ್‌ಗೆ ಮೊದಲೇ ತಿಳಿಯಿತಂತೆ. ಬೇಡ ಅಂದಿದ್ದ ಮಂತ್ರವಿದ್ಯೆಯಿಂದಲೇ ಅಪ್ಪನಿಗೆ ಸುದ್ದಿ ಮುಟ್ಟಿಸಿದ. ಆ ರಭಸಕ್ಕೆ ಅರಮನೆಯ ಕೆಳಗಿದ್ದ ಗುಟ್ಟಿನ ಕೆಲಸದ ರಕ್ಷಣೆಯೇ ಒಡೆದು ಪಿಶಾಚಿಗಳು ಒಳಗೆ ನುಗ್ಗಿದವು. ಸುದ್ದಿ ನಿಜವೇ ಆಗಿತ್ತು. ಅಪ್ಪ ಮಾತ್ರ ಮಗನನ್ನೇ ಹಿಡಿದು ತರಲು ಸೈನ್ಯ ಕಳಿಸಿದ. ಒಡೆದ ಬಾಗಿಲನ್ನು ತಡೆಹಿಡಿಯಲು ಅಪ್ಪನೇ ಚಿನ್ನದ ಸಿಂಹಾಸನದ ಮೇಲೆ ಕೂರಬೇಕಾಯಿತು. ಕೊನೆಗೆ ಹೋರಸ್ ಜೊತೆಗಿನ ಕಾಳಗದಲ್ಲಿ ಜರ್ಜರಿತನಾದವನನ್ನು ತಂದು ಅದರ ಮೇಲೆಯೇ ಕೂರಿಸಿದರು. 10,000 ವರ್ಷವಾದರೂ ಎದ್ದಿಲ್ಲ.

ನಾನು ಕಥೆ ಕೇಳುತ್ತಲೇ ನೀರು ಬಳಿಯುತ್ತಿದ್ದೆ. ತುಂಬಿದ ಬಕೆಟ್ ಎತ್ತಲು ಬಗ್ಗಿದೆ. ಸೊಂಟ ಲಟಕ್ ಅಂದಿತು. ಮೂವರೂ ಸೇರಿ ನನ್ನನ್ನು ಎತ್ತಿ ಆರಾಮ ಕುರ್ಚಿಯಲ್ಲಿ ಕೂರಿಸಿದರು. ಮೂರು ದಿನ ಅಲ್ಲೇ. ಚಕ್ರವರ್ತಿಯ ಸಿಂಹಾಸನಕ್ಕೆ ದಿನಕ್ಕೆ 1,000 ಜನರ ಪ್ರಾಣ ಬೇಕಂತೆ. ನನಗೆ ಒಂದು ಬಿಸಿನೀರಿನ ಚೀಲ ಸಾಕಾಗಿತ್ತು, ಅದೂ ನಾಲ್ಕು ಸಲ ಕೂಗಿದ ಮೇಲೆ ಬರುತ್ತಿತ್ತು.

ಎರಡನೇ ದಿನ ಸಂಜೆ ಮಗಳು ಎದುರಿಗೆ ಕೂತು ಹೊಸ ರಟ್ಟಿನ ಅರಮನೆ ಕಟ್ಟುತ್ತಿದ್ದಳು. ಮೆಲ್ಲಗೆ ಕೇಳಿದೆ, "ಪುಟ್ಟಿ, ಅವತ್ತು ಬಚ್ಚಲಲ್ಲಿ ನಲ್ಲಿ ಬಿಟ್ಟಿದ್ದು ಯಾರಮ್ಮಾ?"

ಅವಳು ಕತ್ತರಿಯಿಂದ ಕಣ್ಣು ಎತ್ತಲಿಲ್ಲ.

"ಆಮೇಲೆ ಹೇಳ್ತೀನಿ ಅಪ್ಪಾ."